ಉಪ್ಪಿನ ಡಬ್ಬಿಯ ಮುಚ್ಚಳ

ಗೋಣಿಕೊಪ್ಪದ ಬಸ್‌ಸ್ಟ್ಯಾಂಡಿನ ಹಿಂದೆ ನನ್ನ ಹೊಲಿಗೆ ಅಂಗಡಿ.
ಇಪ್ಪತ್ತೆರಡು ವರ್ಷ ಊರಿನ ಕುತ್ತಿಗೆಗಳನ್ನು ಅಳೆದಿದ್ದೇನೆ.
ಮದುವೆಗೆ ಮೊದಲು ಹದಿಮೂರು ಇಂಚು,
ಎರಡು ಹೆತ್ತ ಮೇಲೆ ಹದಿಮೂರೂವರೆ.
ಮೇಲಿನ ಗುಂಡಿ ಬಿಗಿಯಾಯಿತೆಂದು ಬಂದವರಿಗೆ
ನಾನೇ ಹೇಳುತ್ತಿದ್ದೆ: ಒಗೆದಾಗ ಬಟ್ಟೆ ಕುಗ್ಗಿದೆ, ಬಿಡಿ.

ನನ್ನ ಗುಂಡಿಯೇ ಕೂಡದ ದಿನ
ನನಗೂ ಅದೇ ಸುಳ್ಳು.

ಮಾಂಸ ಬಿಟ್ಟು ನಾಲ್ಕು ವರ್ಷ, ಹಾಲು ಬಿಟ್ಟು ಎರಡು.
ಯಾಕೆಂದು ಕೇಳಬೇಡಿ. ಒಂದು ಕರುವಿನ ಕೂಗು ಅದು,
ಹೇಳಿದರೆ ಸಣ್ಣದಾಗುತ್ತದೆ.
ನಾದಿನಿ ದೇಚವ್ವ ಮಾತ್ರ ಪಂದಿಕರಿಯ ಹಬೆಯಾಚೆಯಿಂದ,
"ಸೊಪ್ಪು ತಿಂದವಳ ಕುತ್ತಿಗೆಗೆ
ಗಂಟು ಬಾರದೆ ಜೋಮಾಲೆ ಬರುತ್ತದಾ?"
ಎಲ್ಲರೂ ನಕ್ಕರು. ನಾನೂ. ಚೆನ್ನಾಗಿಯೇ ಇತ್ತು ಮಾತು.

ವಿರಾಜಪೇಟೆಯ ಡಾಕ್ಟರ್ ರಂಸೀನಾ
ಕಣ್ಣೂರಿನ ಕಡಲ ದಂಡೆಯಲ್ಲಿ ಹುಟ್ಟಿದವರು.
ರಕ್ತದ ಚೀಟಿ ನೋಡಿ, ಗಂಟಲು ಮುಟ್ಟಿ, ನೀರು ನುಂಗಲು ಹೇಳಿ,
"ನಿಮ್ಮ ಊಟದಲ್ಲಿ ಕಡಲು ಇಲ್ಲ ಮುತ್ತಕ್ಕಿ" ಅಂದರು.
"ಮನೆಯಲ್ಲಿ ಉಪ್ಪು ಯಾವುದು?"

ಗುಲಾಬಿ ಬಣ್ಣದ ಕಲ್ಲುಪ್ಪು. ದುಬಾರಿ. ಶುದ್ಧ ಎಂದು ನಂಬಿ ತಂದದ್ದು.
ಒಲೆಯ ಪಕ್ಕ ಬಾಯಿತೆರೆದ ಮಡಕೆಯಲ್ಲಿ.
ಡಾಕ್ಟರು ಬೈಯಲಿಲ್ಲ. ಕಿಟಕಿಯಾಚೆ ಬೆಟ್ಟ ತೋರಿಸಿದರು:
ಸಾವಿರಾರು ವರ್ಷದ ಮಳೆ ಆ ಮಣ್ಣಿನ ಅಯೋಡಿನ್ ತೊಳೆದಿದೆ.

ದಾರಿಯಲ್ಲಿ ಬಸ್ಸಿನ ಗಾಜಿಗೆ ಹಣೆ ಒತ್ತಿ ಯೋಚಿಸಿದೆ,
ತಲೆಕಾವೇರಿಯಿಂದ ಹೊರಟವಳು
ಹೋಗುವಾಗ ಸೆರಗಿನಲ್ಲಿ ಕಟ್ಟಿಕೊಂಡು ಹೋದಳಲ್ಲ,
ತವರಿಗೆ ಏನನ್ನಾದರೂ ತಂದಳೇ ತಿರುಗಿ?
ಒಣಮೀನಿನ ಬುಟ್ಟಿಯಲ್ಲಿ ಮಾಕುಟ್ಟದ ಘಾಟಿ ಹತ್ತಿ
ಚೂರುಪಾರು ಬರುತ್ತಿತ್ತು. ಆ ಬಾಗಿಲನ್ನು ನಾನೇ ಹಾಕಿದ್ದೆ.
ಉಳಿದದ್ದು ಕಿರಾಣಿ ಅಂಗಡಿಯ
ಇಪ್ಪತ್ತೈದು ರೂಪಾಯಿಯ ಪ್ಯಾಕೆಟ್ಟು.

ಮುತ್ತಜ್ಜಿಯ ಫೋಟೋದಲ್ಲಿ ಕೊಕ್ಕೆತಾತಿ ಎದ್ದು ನಿಂತಿದೆ.
ಒಡವೆಯ ಗತ್ತು ಎಂದುಕೊಂಡಿದ್ದೆವು.
ಫೋಟೋಗೆ ಟೇಪು ಹಿಡಿಯಲಾಗುವುದಿಲ್ಲ.

ಒಂದು ತಪ್ಪು ಮಾಡಿದೆ, ಹೇಳಿಬಿಡುತ್ತೇನೆ.
ಗಿರಾಕಿಯೊಬ್ಬರು ತಂದುಕೊಟ್ಟ ಕಡಲಪಾಚಿಯ ಪುಡಿ,
ಬೇಗ ವಾಸಿಯಾಗಲೆಂದು ಚಮಚ ಚಮಚ.
ಎರಡು ವಾರಕ್ಕೆ ಎದೆ ಹೊಲಿಗೆ ಮೆಷಿನ್ನಿನ ಹಾಗೆ
ಬಟ್ಟೆಯಿಲ್ಲದೆ ಓಡತೊಡಗಿತು.
ಬಿಗಿ ಹೊಲಿದರೂ ಹರಿಯುತ್ತದೆ, ಸಡಿಲ ಬಿಟ್ಟರೂ ಬಿಚ್ಚುತ್ತದೆ.
ದರ್ಜಿಗೆ ಇದನ್ನು ಡಾಕ್ಟರು ಹೇಳಬೇಕಾಯಿತು.

ಈಗ ಐದೂವರೆಗೆ ಖಾಲಿ ಹೊಟ್ಟೆಗೆ ಬಿಳಿ ಮಾತ್ರೆ, ಬರೀ ನೀರು.
ಆಮೇಲೆ ಒಂದು ಗಂಟೆ ಕಾಫಿ ಕುಡಿಯುವಂತಿಲ್ಲ.
ಸುತ್ತ ಕಾಫಿ ತೋಟ, ಪಕ್ಕದ ಮನೆಯಲ್ಲಿ ಹುರಿಯುವ ಘಮ,
ಮೆಟ್ಟಿಲ ಮೇಲೆ ಕೈಕಟ್ಟಿ ಕುಳಿತ ನಾನು.
ಅಷ್ಟು ಉದ್ದದ ಗಂಟೆ ಗಡಿಯಾರದಲ್ಲಿಲ್ಲ.

ಕಕ್ಕಡದಲ್ಲಿ ಬೈಂಬಳೆ ಬಿಟ್ಟಿಲ್ಲ, ಅಪರೂಪಕ್ಕೆ ಇಷ್ಟೇ ಇಷ್ಟು.
ಎಳೆ ಬಿದಿರನ್ನು ಮೂರು ದಿನ ನೆನೆಸಿ, ನೀರು ಬದಲಿಸಿ,
ಬೇಯಿಸಿ, ಆ ನೀರನ್ನೂ ಚೆಲ್ಲಿ.
ಅಜ್ಜಿ ಹೀಗೇ ಮಾಡುತ್ತಿದ್ದಳು, ಯಾಕೆಂದು ಹೇಳದೆ.
ಮದ್ದು ಸೊಪ್ಪಿನಲ್ಲಿ ಹದಿನೆಂಟು ಮದ್ದು ಅನ್ನುತ್ತಾರೆ.
ಹತ್ತೊಂಬತ್ತನೆಯದು ನನ್ನ ಮಾತ್ರೆ.
ಸಾರು ಇಳಿಸುವಾಗ, ಕೊನೆಗೆ, ಉಪ್ಪು.
ಡಬ್ಬಿಗೆ ಮುಚ್ಚಳ.

ನಿನ್ನೆ ದೇಚವ್ವ ಅಂಗಡಿಗೆ ಬಂದಳು.
ಮಗನ ಮದುವೆ, ಹಳೆಯ ಕುಪ್ಪಸ, ಉದ್ದ ತೋಳು,
ಮೇಲಿನ ಗುಂಡಿ ಕೂಡುತ್ತಿಲ್ಲ.
ಹದಿನಾಲ್ಕೂಕಾಲು, ಟೇಪು ಹೇಳಿತು.
"ಒಗೆದಾಗ ಕುಗ್ಗಿರಬೇಕು, ಅಲ್ವಾ?" ಅಂದಳು,
ಕನ್ನಡಿಯಲ್ಲಿ ನನ್ನನ್ನೇ ನೋಡುತ್ತ.

ಬಾಯಲ್ಲಿದ್ದ ಗುಂಡುಸೂಜಿ ತೆಗೆದಿಟ್ಟೆ.
ಇಲ್ಲ ದೇಚವ್ವ, ಕುತ್ಕೋ.
ನಿಮ್ಮನೇಲಿ ಉಪ್ಪು ಎಲ್ಲಿಡ್ತೀರಿ?