ಹನ್ನೊಂದು ಗಂಟೆಯ ನೀರು

ಕೌಲ್ ಬಜಾರಿನ ಜೀನ್ಸ್ ಕಾರ್ಖಾನೆ ಅಂದರೆ
ಒಂದು ಹಳೇ ಗೋದಾಮು, ಮೇಲೆ ತಗಡು,
ಇಪ್ಪತ್ತಾರು ಹೊಲಿಗೆಯಂತ್ರ, ನಾಕು ಫ್ಯಾನು,
ಅದರಲ್ಲೊಂದು ತಿರುಗುವುದಿಲ್ಲ.
ನೀಲಿ ಧೂಳು ರೆಪ್ಪೆಯ ಮೇಲೆ ಕೂತು
ಗಂಡಸರಿಗೂ ಕಾಡಿಗೆ.

ಬೆಲ್ಜಿಯಮ್ಮಿನಿಂದ ಮೂವರು ಬಂದಿದ್ದರು:
ಲೋಟೆ, ಯೋರಿಸ್, ಇನ್ನೊಬ್ಬನ ಹೆಸರು
ಕೊನೆಯವರೆಗೂ ನನ್ನ ನಾಲಗೆಗೆ ಹತ್ತಲಿಲ್ಲ.
ನನ್ನ ವಯಸ್ಸಿನವರೇ, ನನ್ನಂತೆ ಮೆಕ್ಯಾನಿಕಲ್.
ರಜೆ ಬಿಟ್ಟು, ಟಿಕೆಟ್ಟಿಗೆ ತಾವೇ ಕಾಸು ಕೂಡಿಸಿ,
ಕಪ್ಪು ಪೆಟ್ಟಿಗೆಯಲ್ಲಿ ಕಾಲಿಗೊಂದು ಆಸರೆ ತಂದಿದ್ದರು;
ಎಷ್ಟು ಹಗುರವೆಂದರೆ ಎತ್ತಿದಾಗ
ನನ್ನ ಕೈ ತಾನೇ ಮೇಲೆ ಹೋಯಿತು.
ನಾನು ದುಭಾಷಿ.
ಕೂಲಿ: ಮಧ್ಯಾಹ್ನದ ಊಟ, ಕೊನೆಗೊಂದು ಸರ್ಟಿಫಿಕೇಟು.

ಮಾಬುನ್ನಿಯ ಎಡಗಾಲು
ಮೂರನೇ ವರ್ಷದಲ್ಲೇ ನಿಂತುಬಿಟ್ಟಿದೆ,
ಉಳಿದ ಮೈಗೆ ನಲವತ್ತೊಂದು.
ಯೋರಿಸ್ ಮಂಡಿಯೂರಿ ಟೇಪು ಹಿಡಿದಾಗ
"ಇಂಚಿನಾಗ ಹೇಳಪ್ಪ, ಸೆಂಟಿಮೀಟರು
ನಮ್ಮ ಮಾಸ್ಟರಿಗೂ ತಿಳಿಯಂಗಿಲ್ಲ" ಎಂದು ನಕ್ಕಳು.
ಮೂವತ್ತೆರಡು ಸೊಂಟ, ನಲವತ್ತು ಉದ್ದ.
ಪ್ಯಾಂಟುಗಳ ಲೋಕದಲ್ಲಿ
ಎರಡು ಕಾಲೂ ಯಾವಾಗಲೂ ಸಮ.

ಇದನ್ನು ತೊಟ್ಟರೆ ದಿನಕ್ಕೆ ಎಷ್ಟು ದೂರ
ನಡೆಯಲು ಇಷ್ಟ? ಲೋಟೆಯ ಪ್ರಶ್ನೆ.
ದಾಟಿಸಿದೆ.
"ಎಲ್ಲಿಗೆ?" ಅಂದಳು ಮಾಬುನ್ನಿ.
ಅದನ್ನೂ ದಾಟಿಸಿದೆ.
ಮೂವರೂ ಮುಖ ಮುಖ ನೋಡಿಕೊಂಡರು,
ಫಾರ್ಮಿನಲ್ಲಿ ಅದಕ್ಕೆ ಜಾಗವಿರಲಿಲ್ಲ.

ಆಮೇಲೆ ನನ್ನ ದುಪಟ್ಟಾ ಹಿಡಿದೆಳೆದು
ಯಂತ್ರಗಳ ಸದ್ದಿನಡಿ ಹೇಳಿದಳು:
"ನಡಿಯೋದು ನನಗ ಬರತೈತಿ ಬೇಟಿ, ನನ್ನ ನಮೂನಿ.
ಕುಕ್ಕರಗಾಲಿಲೆ ಕೂಡಾಕ ಬರಂಗಿಲ್ಲ.
ಹಿಂದಿನ ಸಂಡಾಸಿನಾಗ ಹಿಡಕೊಳ್ಳಾಕ ಏನೂ ಇಲ್ಲ.
ಅದಕ್ಕ ಮುಂಜಾನಿಂದ ಸಂಜಿತನಕ
ನೀರು ಮುಟ್ಟಂಗಿಲ್ಲ. ಒಂಬತ್ತು ವರ್ಸ ಆತು.
ಗಂಡಹುಡುಗರ ಮುಂದ ಹೇಳಬ್ಯಾಡ."

ಮೇ ತಿಂಗಳು. ಹೊರಗೆ ನಲವತ್ತಮೂರು ಡಿಗ್ರಿ,
ಕೋಟೆಗುಡ್ಡ ಒಲೆಯ ಮೇಲಿಟ್ಟ ಹಂಚು.
ಮೂರು ದಿನದಿಂದ ನಾನು ಬಾಟಲಿ ಚಾಚುತ್ತಿದ್ದೆ,
ಅವಳು ಕೈಯಾಡಿಸುತ್ತಿದ್ದಳು,
ರೋಜಾ ಇರಬೇಕು ಅಂದುಕೊಂಡಿದ್ದೆ
ರಂಜಾನ್ ಮುಗಿದು ಎಷ್ಟೋ ದಿನವಾಗಿದ್ದರೂ.

ಲೋಟೆಗೆ ಮಾತ್ರ ಹೇಳಿದೆ.
ಅವಳು ತಾನೇ ಒಳಹೊಕ್ಕಳು, ಬಾಗಿಲು ತೆರೆದೇ ಇತ್ತು.
ಎಡಗಾಲು ಮುಂದಕ್ಕೆ ಚಾಚಿ ಕೂರಲು ನೋಡಿ,
ಬಿದ್ದಳು.
ಎದ್ದು ಬಂದವಳ ಪ್ಯಾಂಟು ಒದ್ದೆ.
"ಪೈಪು ಎಲ್ಲಿ ಸಿಗುತ್ತೆ?" ಅಂತಷ್ಟೇ ಕೇಳಿದಳು.

ಎರ್ರಿಸ್ವಾಮಿ ಅದಿರಿನ ಲಾರಿಗಳ ಕಾಲದಲ್ಲಿ
ಬಾಡಿ ಕಟ್ಟುತ್ತಿದ್ದ ವೆಲ್ಡರು,
ಈಗ ಕಿಟಕಿ, ಗೇಟು, ಸಿಕ್ಕಿದ್ದು.
ಒಂದೂವರೆ ಇಂಚಿನ ಪೈಪಿಗೆ ನಾಲ್ಕು ಕಾಲು,
ಮೇಲೊಂದು ಕೂರುವ ಚೌಕಟ್ಟು, ಗೋಡೆಗೊಂದು ಹಿಡಿ.
ಹಿಡಿಗೆ ಮಾಬುನ್ನಿಯೇ ಸುತ್ತಿ ಹೊಲಿದ ಜೀನ್ಸ್ ಪಟ್ಟಿ,
ಜೋಡಿ ಹೊಲಿಗೆ, ಕಿತ್ತಳೆ ದಾರ.
ಒಟ್ಟು ಸಾವಿರದ ನೂರಾ ನಲವತ್ತು;
ನಲವತ್ತು ಎರ್ರಿಸ್ವಾಮಿ ಬಿಟ್ಟ.
ಯಾರಿಗೆ, ಯಾಕೆ ಎಂದು ಯೋರಿಸ್ ಕೇಳಲಿಲ್ಲ.
ಪ್ರತಿ ಬೆಸುಗೆಯ ಮೇಲೂ ತಾನೇ ನಿಂತು
ಕುಣಿದು ನೋಡಿದ.

ಆಸರೆಯನ್ನು ಅವಳು ಮದುವೆಗಳಿಗೆ ತೊಡುತ್ತಾಳಂತೆ.
ಕಪ್ಪು ಪೆಟ್ಟಿಗೆಯಲ್ಲಿ ಈಗ ತಾಮ್ರದ ಗುಂಡಿಗಳು.

ಅವರು ಹೊರಡುವ ದಿನ ಕೊನೆಯ ಫಾರ್ಮು:
ಹತ್ತರಲ್ಲಿ ಎಷ್ಟು ತೃಪ್ತಿ?
ಮಾಬುನ್ನಿ ಗಡಿಯಾರ ನೋಡಿದಳು. ಹನ್ನೊಂದು.
ಕೊಡದ ಮುಚ್ಚಳ ಸರಿಸಿ ಗ್ಲಾಸು ಅದ್ದಿ
ಎತ್ತಿ ಕುಡಿದಳು. ಗಂಟಲು ಏರಿಳಿಯಿತು.
ಮತ್ತೆ ಅದ್ದಿದಳು.

ಖಾಲಿ ಜಾಗದಲ್ಲಿ ಬರೆದೆ: ಎರಡು ಗ್ಲಾಸು.
ಅಲ್ಲಿ ಯಾರೋ ಅದನ್ನು
ಹತ್ತಕ್ಕೆ ಎರಡು ಎಂದು ಎಣಿಸಿರಬಹುದು.