ಬಾವಲಿಗಳ ಪಾಲು

ಸದ್ದು ಕೇಳಿದಾಗೊಮ್ಮೆ ಗುಂಡಿ ಒತ್ರಿ, ಅಂದಿದ್ದೆ.
ಗಾಜಿನ ಆಚೆ ಇಕ್ರಾಮುಲ್ಲಾ ಸಾಹೇಬರು,
ಎಡಗಿವಿಗೆ ನೀಲಿ, ಬಲಗಿವಿಗೆ ಕೆಂಪು.
ಇನ್ನೂರೈವತ್ತು. ಒತ್ತಿದರು.
ಐದುನೂರು. ಒತ್ತಿದರು.
ಸಾವಿರಕ್ಕೆ ತುಸು ತಡ.
ನಾಲ್ಕು ಸಾವಿರಕ್ಕೆ ಹೆಬ್ಬೆರಳು
ಸುಮ್ಮನೆ ಗುಂಡಿಯ ಮೇಲೆ ಕೂತಿತ್ತು,
ವಾಡಿ ಜಂಕ್ಷನ್ನಿನಲ್ಲಿ
ರದ್ದಾದ ಗಾಡಿಗೆ ಕಾಯುವವರ ಹಾಗೆ.

ಮೂವತ್ತೊಂದು ವರ್ಷ ಸಿಮೆಂಟ್ ಕಾರ್ಖಾನೆ,
ಕಲ್ಲು ಅರೆಯುವ ಗಿರಣಿಯ ಮಗ್ಗುಲಲ್ಲೇ ಪಾಳಿ.
"ಅಳ್ಳಿ ಇಟ್ಕೋತಿದ್ದೆ ಬೇಟಿ, ಕಿವ್ಯಾಗ.
ಕಂಪನಿದಲ್ಲ, ಮನಿ ಗಾದಿ ಹರದು ತಗದದ್ದು."
ಹಾಳೆಯ ಮೇಲೆ ನನ್ನ ಗೆರೆ
ಶಹಾಬಾದಿನ ಕಲ್ಲುಗಣಿಯಂತೆ
ನಡೆಯುತ್ತ ನಡೆಯುತ್ತ ಒಮ್ಮೆಲೇ ಕೆಳಗೆ ಬಿದ್ದಿತ್ತು.

ಆಮೇಲೆ ಚೀಲದಿಂದ ಒಂದು ಡಿಸ್ಕು ತೆಗೆದರು
ಅಂಚಷ್ಟೇ ಹಿಡಿದು, ಹಂಚಿನಿಂದ ರೊಟ್ಟಿ ಎತ್ತಿದ ಹಾಗೆ.
ಗ್ರಾಚ್ಯುಟಿಯಲ್ಲಿ ಹೈದರಾಬಾದಿನಿಂದ ಬಂದ ಯಂತ್ರ,
ಇಂಥವು ನಲವತ್ತೆರಡು:
ಸಾರಂಗಿ, ಸರೋದು,
ಹೆಸರು ಓದಲಾಗದ ದೇಶದ ಪಿಟೀಲು.
"ಯಂತ್ರದ ಕಣ್ಣು ಹೋಗ್ಯಾದ.
ಆ ಕಣ್ಣು ಈಗ ಯಾರೂ ಮಾಡಂಗಿಲ್ಲಂತ.
ಸೂಪರ್ ಮಾರ್ಕೆಟ್ಟಿನ ದಸ್ತಗೀರ ಹೇಳ್ತಾನ,
ಚಾಚಾ, ಎಲ್ಲಾ ಉಗುರಿನಷ್ಟು ಚಿಪ್ಪಿನ್ಯಾಗ ಹಾಕಿ ಕೊಡ್ತೀನಿ,
ಎಳ್ಳಷ್ಟೂ ಕಮ್ಮಿ ಆಗಂಗಿಲ್ಲ.
ನೀ ಕಿವಿ ಓದಿದಾಕಿ. ಹೇಳು,
ಯಾವುದು ಉಳಿತದ?"

ಅದೂ ಅಂಕಿ, ಇದೂ ಅಂಕಿ ಅಂದೆ.
ಒಂದು ತಿರುಗಿ ಹಾಡುತ್ತದೆ, ಇನ್ನೊಂದು ಕೂತು.
ನಿಮ್ಮ ಡಿಸ್ಕಿನಲ್ಲಿ ನಲವತ್ತು ಸಾವಿರದವರೆಗೂ ಸದ್ದಿದೆ.
ಮನುಷ್ಯರಿಗೆ ಇಪ್ಪತ್ತು ಅಂದರೆ ಹೆಚ್ಚು,
ನನಗೆ ಹದಿನೈದು,
ನಿಮಗೆ...
ಹೇಳಲಾಗದೆ ಹಾಳೆಯನ್ನೇ ಅವರತ್ತ ತಿರುಗಿಸಿದೆ.

ಬಹಳ ಹೊತ್ತು ನೋಡಿದರು.
"ಹಂಗಾದ್ರ ಉಳದದ್ದು ಯಾರ ಪಾಲು?"
ಬಾವಲಿಗಳದು, ಅಂದುಬಿಟ್ಟೆ.
ನಾಲಿಗೆ ಕಚ್ಚಿಕೊಳ್ಳುವ ಮೊದಲೇ
ಭುಜ ಕುಣಿಸಿ ನಗುತ್ತಿದ್ದರು.
"ಹಫ್ತ್ ಗುಂಬಜಿನ್ಯಾಗ ಭಾಳ ಅವ.
ರೊಕ್ಕ ನಂದು, ಮೆಹಫಿಲ್ ಅವುಗಳದು!"

ಎರಡು ವಾರ ಬಿಟ್ಟು ರೋಜಾ ಓಣಿಗೆ ಕರೆದರು.
ಸತ್ತ ಇನ್ನೊಂದು ಯಂತ್ರದ ಕಣ್ಣು ಕಿತ್ತು
ದಸ್ತಗೀರ ಇದಕ್ಕೆ ಕೂಡಿಸಿದ್ದ.
ಎಷ್ಟು ದಿನವೋ ಗ್ಯಾರಂಟಿ ಇಲ್ಲ ಅಂದಿದ್ದ.
ಮೊದಲು ಫೈಲು, ಆಮೇಲೆ ಡಿಸ್ಕು.
ಕಣ್ಣು ಮುಚ್ಚಿ ಕೇಳಿದೆ.
ಖರೆ ಹೇಳಬೇಕೆಂದರೆ, ನನಗೆ ಫರಕು ಗೊತ್ತಾಗಲಿಲ್ಲ.
ಒಂದು ಕಡೆ, ಕಮಾನು ಎಳೆಯುವ ಮುಂಚೆ
ಸಾರಂಗಿಯವನು ಉಸಿರು ತೆಗೆಯುತ್ತಾನೆ.
ಬರೀ ಗಾಳಿಯ ಸಣ್ಣ ಸುಯ್ಲು,
ಇವರ ಗೆರೆ ಬಿದ್ದ ಗಣಿಯ ಆಚೆಯದು.
ನೋಡಿದರೆ, ಇಕ್ರಾಮ್ ಸಾಹೇಬರ ಹೆಬ್ಬೆರಳು
ಸರಿಯಾಗಿ ಅಲ್ಲಿಗೇ
ಮಂಡಿಯ ಮೇಲೆ ಒತ್ತಿತ್ತು.

ಮತ್ತೆ ಹಾಕಿ, ಅಂದೆ.
ಅರ್ಧಕ್ಕೆ ಯಂತ್ರ ತಡವರಿಸಿ ನಿಂತಿತು.
ಅಂಗಳದಲ್ಲಿ ಯಾರೋ ಕೊಡ ಇಟ್ಟರು.
ನಾನು ಏಳಲು ಹೋದೆ, ಅವರು ಕೈ ಅಡ್ಡ ಹಿಡಿದರು,
ತಾಳು ಎಂಬಂತೆ.
ಎಣಿಸಲಿಲ್ಲ ಎಷ್ಟು ಹೊತ್ತೆಂದು.
ಆ ಮೌನದೊಳಗೆ ಒಂದು ಜಾಗದಲ್ಲಿ
ಮತ್ತೆ ಒತ್ತಿತು ಹೆಬ್ಬೆರಳು.

"ದಸ್ತಗೀರಗ ಹೇಳ್ತೀನಿ, ಚಿಪ್ಪಿನ್ಯಾಗ ಹಾಕು ಅಂತ,"
ಚಹಾ ಬಸಿಯಲ್ಲಿ ಸುರಿಯುತ್ತ ಅಂದರು.
"ಡಿಸ್ಕ್ ಮಾತ್ರ ಎಣಿಸಿ ವಾಪಸ್ ಇಸ್ಕೋತೀನಿ.
ನಲವತ್ತೆರಡೂ."

ಬರುವಾಗ ಗುಂಬಜಿನ ಹತ್ತಿರ ಆಟೋ ನಿಲ್ಲಿಸಿದೆ,
ಎಂಜಿನ್ ಬಂದ್ ಮಾಡಿಸಿ.
ಮುಗಿಲು ಇನ್ನೂ ತಾಮ್ರದ ಬಣ್ಣ.
ಕಮಾನುಗಳಿಂದ ಬಾವಲಿಗಳು ಹೊರಬಿದ್ದವು,
ನೂರೋ ಇನ್ನೂರೋ,
ಒಂದಕ್ಕೊಂದು ಕೂಗುತ್ತ ಹೋಗಿರಬೇಕು.
ನನಗೆ ಕೇಳಿದ್ದು
ಆರುತ್ತಿದ್ದ ಎಂಜಿನ್ನಿನ ಟಿಕ್ ಟಿಕ್,
ಮತ್ತೆ ಆಟೋದವನು:
"ಮೇಡಂ, ಯಾರರೇ ಬರೂರು ಅದಾರೇನ್ರಿ?"