ಅರ್ಧ ಚೆಲ್ಲಬೇಕು

ಊರು ಬಿಡುವ ಮುಂಚೆ ಗ್ಲೆನಿಸ್ ಬೇಲಿಯ ಮೇಲಿಂದ ದಾಟಿಸಿದ್ದು
ಜ್ಯಾಮಿನ ಬಾಟಲಿಯಲ್ಲಿ ಗುಳುಗುಳು ಹುಳಿಹಿಟ್ಟು.
"ದಿನಕ್ಕೊಮ್ಮೆ ಉಣಿಸು. ಉಣಿಸುವ ಮೊದಲು
ಅರ್ಧ ಚೆಲ್ಲು. ಮರೀಬೇಡ, ಅರ್ಧ."

ಚೆಲ್ಲು ಅಂದಳಲ್ಲ, ಎಷ್ಟು ಹಗುರ!
ನಾನು ಪಾತ್ರೆಯ ತಳಕ್ಕಂಟಿದ್ದನ್ನೂ
ಬೆರಳಲ್ಲಿ ಬಳಿದು, ಕೊನೆಗೊಂದು
ಕಿವಿಯಷ್ಟು ದೋಸೆ ಹುಯ್ಯುವ ಮನೆಯವಳು.

ಚೆಲ್ಲಲಿಲ್ಲ. ಒಂದು ಎರಡಾಯಿತು,
ಎರಡು ನಾಲ್ಕು. ಬ್ಯಾಲರಟ್ಟಿನ ಜುಲೈ ಚಳಿಯಲ್ಲೂ
ಫ್ರಿಜ್ಜಿನ ತುಂಬ ಉಸಿರಾಡುವ ಬಾಟಲಿಗಳು,
ಹಾಲಿನ ಹಿಂದೊಂದು, ಕೊತ್ತಂಬರಿ ಅಡಿಗೊಂದು,
ಒಂದರ ಮುಚ್ಚಳ ನಡುರಾತ್ರಿ ಟಪ್ಪೆಂದು ಹಾರಿ
ಮೊಟ್ಟೆಗಳಿಗೆಲ್ಲ ಅಭಿಷೇಕ.

ಈರುಳ್ಳಿ ಹೆಚ್ಚಿ ಪಡ್ಡು, ಜೀರಿಗೆ ಹಾಕಿ ದೋಸೆ,
ಬೆಲ್ಲ ಕಲಸಿ ಮುಳಕ, ಮತ್ತೆ ಪಡ್ಡು.
ಗುರುವಾರ ಶಂಭುಲಿಂಗ ತಟ್ಟೆ ಸರಿಸಿದ:
"ಹಗಲೆಲ್ಲ ಆಸ್ಪತ್ರೆ ಲ್ಯಾಬಿನಲ್ಲಿ ಕ್ರಿಮಿ ಸಾಕ್ತೀಯ,
ಮನೆಗೆ ಬಂದು ಅದನ್ನೇ ನನಗೆ ಬಡಿಸ್ತೀಯ."

ಆ ರಾತ್ರಿ ಆರು ಬಾಟಲಿ ಸಿಂಕಿಗೆ ಸುರಿದೆ,
ದೀಪ ಹಾಕದೆ,
ಅವ್ವ ಎಲ್ಲಿಂದಲೋ ನೋಡುತ್ತಾಳೆ ಎಂಬಂತೆ.

ಹಿಟ್ಟು ಕೊಳವೆಯೊಳಗೇ ಕೂತು ಉಬ್ಬಿತು.
ಪ್ಲಂಬರ್ ಲಾಕಿ ಸಿಂಕಿನಡಿ ತಲೆ ತೂರಿಸಿ,
ಎಳೆದ ಬೂದು ಮುದ್ದೆ ಮೂಸಿ, "ಬಿಯರಾ?" ಅಂದ.
ನೂರಾ ತೊಂಬತ್ತು ಡಾಲರು.
ಉಳಿದ ಏಳನೆಯ ಬಾಟಲಿಯದರಲ್ಲಿ ಅರ್ಧ
ಖಾಲಿ ಉಪ್ಪಿನಕಾಯಿ ಬಾಟಲಿಗೆ ಬಗ್ಗಿಸಿ ಅವನಿಗೆ ಕೊಟ್ಟೆ.

ಆಗಸ್ಟಿನಲ್ಲೊಂದು ಬೆಳಿಗ್ಗೆ, ಚಳಿಯೆಂದು
ಓವನ್ನೊಳಗೆ ಬೆಚ್ಚಗಿಟ್ಟದ್ದು ಮರೆತು
ಓವನ್ ಹಚ್ಚಿದೆ, ಇನ್ನೂರಿಪ್ಪತ್ತಕ್ಕೆ.
ಘಮ ಮಾತ್ರ ಒಳ್ಳೆಯ ಬ್ರೆಡ್ಡಿನದೇ.

ಗ್ಲೆನಿಸಳ ನಂಬರು ಬದಲಾಗಿದೆ.
ಮೂರು ದಿನ ತಡೆದೆ. ಆಮೇಲೆ ಫೋನು.
"ಮತ್ತೆ ಕಟ್ಟಿಕೊಂಡಿತಾ?"
"ಇಲ್ಲ ಲಾಕಿ. ಒಂಚೂರು ಹೆಪ್ಪು ಬೇಕಿತ್ತು."

ಶುಕ್ರವಾರವೇ ಬಂದ, ಹೊತ್ತು ಮುಳುಗಿದ ಮೇಲೆ.
ಈ ಹೊತ್ತಲ್ಲಿ ಹೆಪ್ಪು ಕೊಟ್ಟರೆ
ಕೊಟ್ಟವರ ಮನೆಯ ಲಕ್ಷ್ಮಿ ಎದ್ದು ಹೋಗುತ್ತಾಳಂತೆ,
ಅವನಿಗೇನು ಗೊತ್ತು! ವ್ಯಾನಿನ ಎಂಜಿನ್ ಆರಿಸದೆ
ಪೈಪಿನ ತುಂಡುಗಳ ನಡುವಿಂದ ಎತ್ತಿಕೊಟ್ಟ,
ಮಾವಿನಕಾಯಿಯ ಚೀಟಿ ಇನ್ನೂ ಅಂಟಿದ್ದ ಬಾಟಲಿ.
"ಮನೆಯಲ್ಲಿ ಇನ್ನೂ ಐದಿವೆ," ತಲೆ ಕೆರೆದುಕೊಂಡ,
"ಚೆಲ್ಲೋಕೆ ಕೈ ಬರಲ್ಲ."

ಎರಡು ಡಾಲರಿನ ನಾಣ್ಯ ಅವನ ಅಂಗೈಗಿಟ್ಟೆ.
"ಇದೇನಿದು?"
"ಪೆಟ್ರೋಲಿಗೆ," ಅಂದೆ.